ಉಪ್ಪಿನ ಭರಣಿ ಮತ್ತು ಹೊನ್ನೇಶನ ಮೂಗು

ಬೆಟಗೇರಿ
ಸೋಮವಾರ, 9 ಡಿಸೆಂಬರ್ 2024

ಅತ್ತೆಯವರಿಗೆ ಸೊಸೆ ರೋಹಿಣಿಯ ನಮಸ್ಕಾರಗಳು.

ನಿಮ್ಮ ಮೊಣಕಾಲು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀರೋ, ಇಲ್ಲ ನನ್ನ ಮೇಲಿನ ಸಿಟ್ಟಿನಲ್ಲಿ ಅದನ್ನೂ ಬಿಟ್ಟಿದ್ದೀರೋ? ನಿಮ್ಮ ತಮ್ಮ ನಿಂಗಪ್ಪ ಮಾವನಿಗೆ ಆರಾಮಿಲ್ಲ ಎಂದು ಹೇಳಿ ಶುಕ್ರವಾರ ಬೆಳಗಿನ ಬಸ್ಸಿಗೆ ಶಿರಹಟ್ಟಿಗೆ ಹೊರಟಿರಿ. ನಿನ್ನೆ ಫೋನ್ ಮಾಡಿದರೆ ಆ ಮಾವನೇ ಎತ್ತಿ, ಹೊಲದಿಂದ ಈಗಷ್ಟೇ ಬಂದೆ ಎಂದು ಗಟ್ಟಿಯಾಗಿ ನಕ್ಕರು. ಆಗಲೇ ನನ್ನ ಸಂಶಯ ಇನ್ನೊಂದು ಗೇಣು ಬೆಳೆಯಿತು. ಫೋನಿನಲ್ಲೇ ಕೇಳಿಬಿಡೋಣವೆಂದರೆ ಆ ಮನೆಯಲ್ಲಿ ಸ್ಪೀಕರ್ ಹಾಕದೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ನಿಮ್ಮ ಮಗನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಅವರಿಗೆ ಓದಲು ಕೊಟ್ಟಿಲ್ಲ, ಕೊಟ್ಟಿದ್ದರೆ ತಾಯಿಯ ಪಕ್ಷ ಹಿಡಿದು ಇಲ್ಲೇ ಹರಿದು ಹಾಕುತ್ತಿದ್ದರು.

ನೇರವಾಗಿ ಕೇಳುತ್ತೇನೆ. ನೀವು ಹೊನ್ನೇಶನಿಗೆ ಏನು ಕುಡಿಸುತ್ತಿದ್ದಿರಿ? ಎಂಟು ತಿಂಗಳ ಕೂಸಿಗೆ ನೆಗಡಿ ಹಿಡಿದು ಹತ್ತು ದಿನವಾಯಿತು. ಬೆಳಿಗ್ಗೆ ಗೊರಗೊರ ಎನ್ನುತ್ತಿದ್ದ ಮೂಗು ನಾನು ಸ್ನಾನ ಮುಗಿಸಿ ಬರುವುದರೊಳಗೆ ತೆರೆದಿರುತ್ತಿತ್ತು. ಕೂಸು ಗಟಗಟ ಹಾಲು ಕುಡಿದು ಮಲಗುತ್ತಿತ್ತು. ಕೇಳಿದರೆ "ಏನಿಲ್ಲವಾ, ತಾನ ಕಡಿಮಿ ಆತು" ಎನ್ನುತ್ತಿದ್ದಿರಿ. ತಾನಾಗಿ ಕಡಿಮೆಯಾಗುವ ನೆಗಡಿ ನಾನು ಬಚ್ಚಲಿಗೆ ಹೋದಾಗಲೇ ಏಕೆ ಕಡಿಮೆಯಾಗಬೇಕು? ದವಾಖಾನೆಯ ಸಿಸ್ಟರ್ "ಕೂಸಿಗೆ ಕೆಮ್ಮು ನೆಗಡಿ ಔಷಧ ಕುಡಿಸಬ್ಯಾಡ್ರಿ, ಈ ಬಾಟ್ಲಿಯೊಳಗಿನ ಉಪ್ಪುನೀರು ಎರಡು ಹನಿ ಬಿಟ್ಟು ರಬ್ಬರ್ ಗುಂಡಿಲೆ ಸಿಂಬಳ ಜಗ್ಗಿ ತಗೀರಿ" ಎಂದಾಗ ನೀವೂ ಪಕ್ಕದಲ್ಲೇ ಇದ್ದಿರಿ. ಆ ರಬ್ಬರ್ ಗುಂಡನ್ನು ನೋಡಿ ಮುಖ ಗಂಟಿಕ್ಕಿದ್ದನ್ನೂ ನಾನು ನೋಡಿದ್ದೇನೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲವೇ? ಅಡುಗೆಮನೆಯ ಉಪ್ಪಿನ ಭರಣಿ ಒಂದು ವಾರದಲ್ಲಿ ಎರಡು ಬೆರಳು ಇಳಿಯಿತು. ಹಿತ್ತಲ ಕಲ್ಲಿನ ಮೇಲೆ ಇನ್ನೂ ಬೆಚ್ಚಗಿದ್ದ ಲೋಟ ಸಿಕ್ಕಿತು, ನೆಕ್ಕಿ ನೋಡಿದೆ, ಉಪ್ಪುಪ್ಪಾಗಿತ್ತು. ಯಾವತ್ತೂ ನಿಮ್ಮ ಸೊಂಟ ಬಿಡದ ಎಲೆಚೀಲ ತಂಬಾಕಿನ ಸಮೇತ ಗೂಟಕ್ಕೆ ಜೋತುಬಿದ್ದಿತ್ತು. ನಲವತ್ತು ವರ್ಷದ ಚಟವನ್ನು ಯಾರಾದರೂ ಸುಮ್ಮಸುಮ್ಮನೆ ಬಿಡುತ್ತಾರೆಯೇ? ಯಾವನೋ ನಾಟಿ ವೈದ್ಯ ಕೂಸಿಗೆ ಔಷಧ ಕೊಟ್ಟು ನಿಮಗೂ ಪಥ್ಯ ಹೇಳಿರಬೇಕು ಎಂದುಕೊಂಡೆ. ಬಾಣಂತನದಲ್ಲಿ ನಾನು "ತಂಬಾಕಿನ ಬಾಯಿಲೆ ಕೂಸಿಗೆ ಮುದ್ದು ಕೊಡಬ್ಯಾಡ್ರಿ" ಎಂದದ್ದು ಖರೆ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನನ್ನ ಮಾತಿಗೆ ವಿರುದ್ಧವಾಗಿ ಮಾಡಿದಿರೋ ಏನೋ. ಗುರುವಾರ ಎದುರಿಗೆ ನಿಂತು ಕೇಳಿದಾಗ ನೀವು ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದಿರಿ. ಮರುದಿನವೇ ಬಸ್ಸು ಹತ್ತಿದಿರಿ. ತಪ್ಪು ಮಾಡದವರು ಹೀಗೆ ಹೋಗುವುದಿಲ್ಲ.

ನೀವು ಹೋದಾಗಿನಿಂದ ಕೂಸಿನ ಮೂಗು ಕಟ್ಟಿಯೇ ಇದೆ. ಎದೆಗೆ ಬಾಯಿ ಹಚ್ಚಿದರೆ ಉಸಿರಿಲ್ಲ, ಬಿಟ್ಟರೆ ಹಸಿವು. ರಬ್ಬರ್ ಗುಂಡು ಕಂಡರೆ ಮೈ ಬಿಗಿಹಿಡಿದು ಒದ್ದಾಡುತ್ತದೆ, ನಾಲ್ಕು ಕೈ ಇದ್ದರೂ ಸಾಲದು. ಇವತ್ತು ಡಾಕ್ಟರು ನೋಡಿ "ಎದಿಯೊಳಗ ಏನಿಲ್ಲ, ಮೂಗಷ್ಟ ಕಟ್ಟೈತಿ. ಮೊದಲ ಏನರ ಕುಡಿಸೀರೇನು?" ಎಂದು ಕೇಳಿದರು. ಹೆತ್ತವಳಾಗಿ, ಅತ್ತೆಯನ್ನು ಕೇಳಿ ಹೇಳುತ್ತೇನೆ ಎಂದು ಹೇಳಿ ಎದ್ದು ಬರಬೇಕಾಯಿತು. ನನಗೆ ಭಯವಾಗಿದೆ, ಅತ್ತೆ. ಬಾಟಲಿಯ ಹೆಸರೋ ಬೇರಿನ ಹೆಸರೋ ಒಂದು ಚೀಟಿಯಲ್ಲಿ ಬರೆದು ಮಗನ ಕೈಯಲ್ಲಿ ಕಳಿಸಿ. ಬೈಯುವುದಿಲ್ಲ. ಬೈದರೂ ಕೂಸು ಆರಾಮಾದ ಮೇಲೆ ಬೈಯುತ್ತೇನೆ.

ನಿಂಗಪ್ಪ ಮಾವನಿಗೂ ಮನೆಯ ಹಿರಿಯರಿಗೂ ನನ್ನ ನಮಸ್ಕಾರ ತಿಳಿಸಿ. ಕಾಲು ಮಡಚಿ ನೆಲಕ್ಕೆ ಕೂರಬೇಡಿ.

ನಿಮ್ಮ ಸೊಸೆ,
ರೋಹಿಣಿ

ತಾ.ಕ.: ನಿಮ್ಮ ಮಗ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಕೂಸಿನ ಅಳು ಕೇಳಿ ಪಕ್ಕದ ಮನೆಯ ಗುಲಾಬಬಿ ಬಂದಿದ್ದಳು. "ನಿಮ್ಮತ್ತಿ ದಿನಾ ಮುಂಜಾನಿ ಹಿತ್ತಲದಾಗ ಕುಂತು, ಉಪ್ಪುನೀರಿಲೆ ನಾಕ ಸಲ ಬಾಯಿ ಮುಕ್ಕಳಿಸಿ, ಕೂಸಿನ ಮೂಗು ಬಾಯಿಲೆ ಜಗ್ಗಿ ಉಗುಳ್ತಿದ್ರು. ರೋಹಿಣಿಗೆ ಹೇಳಬ್ಯಾಡ, ಹೇಸತಾಳ ಅಂದಿದ್ರು" ಎಂದಳು. ನಾನು ಅದನ್ನೂ ನಂಬಲಿಲ್ಲ. ನಿಮ್ಮ ಗೆಳತಿ ತಾನೇ, ನಿಮ್ಮ ಪರವಾಗಿ ಹೇಳುತ್ತಾಳೆ ಎಂದುಕೊಂಡೆ. ಆದರೂ ಬಾಯಿ ಮುಕ್ಕಳಿಸಿ ಕೂಸಿನ ಮುಖದ ಹತ್ತಿರ ಬಾಗಿದೆ. ಅಳುತ್ತಿದ್ದ ಕೂಸು ತಟ್ಟನೆ ಸುಮ್ಮನಾಯಿತು. ಕಣ್ಣು ಮುಚ್ಚಿ, ಮೂಗು ಮೇಲೆತ್ತಿ, ಕಾಯುತ್ತ ಮಲಗಿತು. ಅದಕ್ಕೆ ರೂಢಿಯಾಗಿದೆ, ಅತ್ತೆ. ನನಗೆ ಸರಿಯಾಗಿ ಜಗ್ಗಲು ಬರಲಿಲ್ಲ. ಮೇಲೆ ಬರೆದದ್ದನ್ನು ಹರಿದುಬಿಡಬೇಕೆನ್ನಿಸಿತು, ಆದರೆ ನಾನು ಏನೆಲ್ಲ ಅಂದುಕೊಂಡಿದ್ದೆ ಎಂದು ನಿಮಗೆ ಗೊತ್ತಿರಲಿ. ಚೀಟಿ ಬೇಡ. ಸಂಜೆಯ ಬಸ್ಸಿಗೆ ಮಗನ ಜೊತೆ ನೀವೇ ಬನ್ನಿ. ಕೂಸು ಇನ್ನೂ ಮೂಗು ಎತ್ತಿಕೊಂಡೇ ಇದೆ.