ಆರನೆಯ ಗ್ರೂಪು

ಸಿಂಧನೂರು
೧೬ ಡಿಸೆಂಬರ್ ೨೦೨೪

ಶೈಲೂ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಆ ಗೀಟು ನಿನಗೆ ಕಾಣಲಿ. ಫೋನಿನಲ್ಲಿ ಬರೆದಿದ್ದರೆ ಅಡ್ಮಿನ್ ಆದ ನೀನು ಅಳಿಸಿಬಿಡುತ್ತಿದ್ದೆ. ಅದಕ್ಕೇ ಕಾಗದ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲೂಕಿನ ನಾನೂರಾ ಹನ್ನೆರಡು ಶಿಕ್ಷಕರ ವಾಟ್ಸಾಪ್ ಗ್ರೂಪನ್ನು ವಿಷಯವಾರು ಒಡೆಯೋಣ ಎಂದು ನೀನು ಕೇಳಿದಾಗ ಮೊದಲು ಹೂಂ ಎಂದವಳು ನಾನೇ. ವೃತ್ತದ ಪ್ರಮೇಯದ ಬಗ್ಗೆ ನಾನು ಕೇಳಿದ ಪ್ರಶ್ನೆ ಹುಟ್ಟುಹಬ್ಬದ ಶುಭಾಶಯಗಳಡಿ ಹೂತುಹೋಗುತ್ತಿತ್ತು. ಮೇಲೆ ಪ್ಲಾಟು ಮಾರುವವರ ಜಾಹೀರಾತು. ಗಣಿತದವರಿಗೆ ಗಣಿತದ ಜಾಗ ಬೇಕು ಎಂದು ಉದ್ದಕ್ಕೆ ಬರೆದೆ. ಅದು ತಪ್ಪೆಂದು ಇವತ್ತಿಗೂ ಅನ್ನಿಸುವುದಿಲ್ಲ.

ಆದರೆ ನೀನು ಕೇಳಿದ್ದು ಯಾವ ದಿನ? ನಾನು ಫೋಟೋ ಹಾಕಿದ ದಿನ. ಬಿಸಿಯೂಟದ ಸಾಲಿನಲ್ಲಿ ಎಲ್ಲ ಮಕ್ಕಳ ಕೈಯಲ್ಲೂ ಲೋಟ. ಒಂದು ಹುಡುಗಿಗೆ ಮಾತ್ರ ಅಡುಗೆಯಾಕೆ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದಾಳೆ. ಇದು ನಮ್ಮದೇ ಒಂದು ಶಾಲೆ, ಏನು ಮಾಡೋಣ ಎಂದು ಕೇಳಿದ್ದೆ. ನಾನೂರು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಯಾರೋ ಒಬ್ಬರು ಕೈಮುಗಿದ ಚಿತ್ರ ಕಳಿಸಿದರು. ಯಾರಿಗೆ ಮುಗಿದರೋ.

ಮರುದಿನ ಐದು ಗ್ರೂಪು ಹುಟ್ಟಿದವು. ಗಣಿತ, ವಿಜ್ಞಾನ, ಸಮಾಜ, ಕನ್ನಡ, ಇಂಗ್ಲಿಷ್. ಆರನೆಯದು ‘ಸಾಮಾಜಿಕ ಸಮಸ್ಯೆ’. ಹದಿನಾಲ್ಕು ವರ್ಷ ಗಣಿತ ಕಲಿಸಿದ ನನ್ನನ್ನು ನೀನು ಹಾಕಿದ್ದು ಆರನೆಯದಕ್ಕೆ. ಅಲ್ಲಿಗೆ ಮಾತ್ರ.

ಹೆಸರುಗಳನ್ನು ಓದಿದೆ. ಹನ್ನೊಂದು ಜನ. ವಿಜ್ಞಾನದ ಸುನೀಲ, ಪಿ.ಟಿ. ಮೇಷ್ಟ್ರು ಮುದುಕಪ್ಪಣ್ಣ, ಕನ್ನಡದವರಿಬ್ಬರು, ಇಂಗ್ಲಿಷಿನವಳು ಒಬ್ಬಳು. ನಮ್ಮ ವಿಷಯ ಬೇರೆ, ಶಾಲೆ ಬೇರೆ, ತಾಲೂಕು ಬೇರೆ. ಒಂದೇ ಆಗಿರುವುದು ನಮ್ಮ ಕೇರಿ, ಪ್ರತಿ ಊರಿನ ಹೊರಗಿರುವುದು. ನೀನು ಗುರುತಿಸಿದ ನಮ್ಮ ಪರಿಣತಿ ಅದೇ ಏನೇ?

ಮುದುಕಪ್ಪಣ್ಣನಿಗೆ ಫೋನ್ ಮಾಡಿದೆ. ನಕ್ಕುಬಿಟ್ಟ. “ಊರಾಗೂ ನಾವು ಒಂದ ಕಡೆ, ಫೋನಿನಾಗೂ ಒಂದ ಕಡೆ ಬಂದೀವಿ ತಂಗಿ. ಅಡ್ರೆಸ್ಸು ಬದಲಾಗಿಲ್ಲ ನೋಡು” ಅಂದ. ನನಗೆ ನಗು ಬರಲಿಲ್ಲ.

ನಿನಗೂ ಮಾಡಿದೆ. ಗಣಿತದ ಗ್ರೂಪಿನಲ್ಲಿ ಹತ್ತನೇ ತರಗತಿಯ ಪ್ರಶ್ನೆಪತ್ರಿಕೆ ತಂಡ ಆರಿಸುತ್ತಿದ್ದಾರಂತೆ, ನನ್ನ ಹೆಸರು ಯಾಕಿಲ್ಲ ಎಂದು ಕೇಳಿದೆ. ನೀನು ಬಹಳ ಮೆತ್ತಗೆ ಹೇಳಿದೆ: “ನೀ ಬಂದ್ರ ಅಲ್ಲೂ ಅದ ಮಾತು ತಗೀತಿ ಬೇ. ಅವರಿಗೆ ಲೆಕ್ಕ ಅಷ್ಟ ಬೇಕಾಗೇತಿ.”

ಪಿ.ಯು.ಸಿ. ಓದುವಾಗ ಲಿಂಗಸುಗೂರಿನ ಆ ಒಂದು ಖೋಲಿಯಲ್ಲಿ ನಿನಗೆ ಬೀಜಗಣಿತ ತಲೆಗೆ ಹತ್ತುತ್ತಿರಲಿಲ್ಲ. ಕೂರಿಸಿಕೊಂಡು ಹೇಳಿಕೊಟ್ಟೆ. ನಿಮ್ಮವ್ವ ಶೇಖರಮ್ಮ ಕಳಿಸಿದ ರೊಟ್ಟಿ, ಪುಂಡಿಪಲ್ಯೆ ಒಂದೇ ತಾಟಿನಲ್ಲಿ ಉಂಡೆವು. ಆಗ ನಾನು ನಿನಗೆ ಯಾವ ಗ್ರೂಪಿನವಳೆಂದು ಕಂಡಿದ್ದೆ?

ನೀರು ಸುರಿದ ಆ ಅಡುಗೆಯಾಕೆಗಿಂತ ನೀನು ದೊಡ್ಡ ಕೆಲಸಗಾರ್ತಿ. ಆಕೆ ಒಂದು ಮಗುವನ್ನು ದೂರ ನಿಲ್ಲಿಸಿದಳು. ನೀನು ಹನ್ನೊಂದು ಮಂದಿ ಶಿಕ್ಷಕರನ್ನು ದೂರ ಕೂರಿಸಿ, ಅದಕ್ಕೆ ‘ಚರ್ಚೆಗೆ ಅನುಕೂಲ’ ಎಂದು ಹೆಸರಿಟ್ಟೆ. ಗಣಿತದವರಿಗೆ ಲೆಕ್ಕ ಮಾತ್ರ ಬೇಕು ಎನ್ನುತ್ತೀಯಲ್ಲ, ಆ ಶಾಲೆಯಲ್ಲಿ ಗಣಿತ ಕಲಿಸುವವರು ಊಟದ ಹೊತ್ತಿಗೆ ಕಣ್ಣು ಮುಚ್ಚಿಕೊಳ್ಳುತ್ತಾರೇನು?

ಗಣಿತದ ಗ್ರೂಪಿಗೆ ನಾನು ಬರುವವಳೇ. ಬೇಡಿಕೊಂಡು ಅಲ್ಲ. ಸೇರಿಸು. ಇಲ್ಲವೆಂದರೆ ಯಾಕೆ ಸೇರಿಸಿಲ್ಲ ಎಂಬುದನ್ನು ಅಲ್ಲಿ ಎಲ್ಲರ ಮುಂದೆ ಬರೆ.

ಗಣಿತದ ಮೇಡಂ,
ನಂದಿನಿ

ತಾ.ಕ.: ಆ ಫೋಟೋ ನಿನ್ನ ಶಾಲೆಯದು. ತರಬೇತಿಗೆಂದು ನಿಮ್ಮಲ್ಲಿಗೆ ಬಂದ ದಿನ ತೆಗೆದದ್ದು. ಹಾಕುವ ಮುಂಚೆ ಬಲಗಡೆಯ ಅಂಚು ಕತ್ತರಿಸಿದ್ದೆ. ಆ ಅಂಚಿನಲ್ಲಿ ನೀನು ನಿಂತಿದ್ದೆ, ಆ ಹುಡುಗಿಯಿಂದ ಎರಡು ಮಾರು ದೂರದಲ್ಲಿ, ಅವಳ ಕಡೆಗೇ ನೋಡುತ್ತ. ಗೆಳತಿಯೆಂದು ಕತ್ತರಿಸಿದೆ. ಅದು ಆ ಹುಡುಗಿಗೆ ನಾನು ಬಗೆದ ದ್ರೋಹ. ಇವತ್ತು ಬೆಳಿಗ್ಗೆ ಮುದುಕಪ್ಪಣ್ಣನ ಜೊತೆ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿ, ಕತ್ತರಿಸದ ಫೋಟೋ ಕೊಟ್ಟು, ದೂರಿನ ಪ್ರತಿಯ ಮೇಲೆ ಠಸ್ಸೆ ಹಾಕಿಸಿಕೊಂಡು ಬಂದಿದ್ದೇನೆ.