ಗಿಳಿಯ ಹಿಂದೆ ತಾತ

ಹಾರನಹಳ್ಳಿ,
ಬುಧವಾರ (ಬಸ್ಸಿನವರ ಕೈಯಲ್ಲಿ)

ಮಾಲಿನಿ ಸಿಸ್ಟರ್‌ಗೆ, ಸ್ಕೂಲ್ ಟೀಚರ್ ಪ್ರತಿಮಾಳ ನಮಸ್ಕಾರ.

ನಿಮ್ಮ ವಾರ್ಡಿನ ಮಕ್ಕಳಿಗೆಂದು ನಿನ್ನೆ ಕಳಿಸಿದ ಕಾರ್ಡುಗಳನ್ನು ಈಗಲೇ ಹಂಚಬೇಡಿ. ಹಸಿರು ಗಿಳಿ ಅಂಟಿಸಿ, ಶೈಲಾಳಿಗೆ ಅಂತ ಬರೆದಿರುವುದನ್ನು ಮೊದಲು ತೆಗೆದಿಡಿ. ಅದು ಅವಳ ಅಮ್ಮನ ಕೈಗೆ ಸಿಗಲೇಬಾರದು.

ಮನೆಯಲ್ಲಿರುವ ಹಳೇ ಲಗ್ನಪತ್ರಿಕೆ ತನ್ನಿ, ಅದರ ಮೇಲೆ ಬಣ್ಣದ ಕಾಗದ ಅಂಟಿಸೋಣ ಅಂತ ಮಕ್ಕಳಿಗೆ ನಾನೇ ಹೇಳಿದ್ದೆ. ಶೈಲಾಳ ತಂಗಿ ಗಂಗಾ ತಂದಿದ್ದು ಅವರ ತಾತನ ಶಿವಗಣಾರಾಧನೆಗೆ ಅಚ್ಚು ಹಾಕಿಸಿ ಮಿಕ್ಕಿದ್ದ ಕಾರ್ಡು. ಗಿಳಿಯ ರೆಕ್ಕೆ ಎತ್ತಿದರೆ ತಾತನ ಫೋಟೋ ಇದೆಯಂತೆ! ತಿಥಿ ಕಾರ್ಡನ್ನು ನಮ್ಮ ಕಡೆ ಓದಿದ ಕೂಡಲೇ ಹರಿದುಹಾಕುತ್ತಾರೆ, ಮನೆಯೊಳಗೇ ಇಡುವುದಿಲ್ಲ. ನಾಳೆ ಆಪರೇಷನ್ ಆಗುವ ಮಗುವಿನ ದಿಂಬಿನ ಪಕ್ಕ ಅದನ್ನು ನೋಡಿದರೆ ಆ ತಾಯಿಯ ಗತಿಯೇನು?

ಇವತ್ತು ಗಂಗಾ ತಾನಾಗಿ ಹೇಳಿದಾಗ "ಬುದ್ಧಿ ಇಲ್ವೇನೇ ನಿನಗೆ?" ಅಂತ ಎಲ್ಲರ ಮುಂದೆ ಬೈದುಬಿಟ್ಟೆ. ಅವಳು ಅಳಲಿಲ್ಲ.

"ಮಿಸ್, ಆಪರೇಷನ್ ರೂಮೊಳಗೆ ಅಮ್ಮನ್ನ ಬಿಡಲ್ವಂತೆ. ತಾತ ಆದ್ರೆ ಹೋಗಬೋದಲ್ವಾ?" ಅಂದಳು.

ಸಿಸ್ಟರ್, ಆ ಕಾರ್ಡನ್ನು ಹರಿಯಬೇಡಿ. ನಾಳೆ ಶೈಲಾಳನ್ನು ಒಳಗೆ ಕರೆದುಕೊಂಡು ಹೋಗುವಾಗ ಅದು ನಿಮ್ಮ ಜೇಬಿನಲ್ಲಿರಲಿ.

ಇಂತಿ,
ಪ್ರತಿಮಾ