ಹನ್ನೊಂದು ಡಿಗ್ರಿಯ ಮನೆಯಿಂದ, ಮೂವತ್ತೆರಡು ಡಿಗ್ರಿಯ ಆಮೆಯ ವಿಷಯವಾಗಿ

ಶಾಖ ಸರಬರಾಜು ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಿಮ್ಮ ಕಚೇರಿಯ ಹಜಾರದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ದೀಪದ ಕೆಳಗೆ ನಾಲ್ಕೂ ಕಾಲು ಚಾಚಿ ಮಲಗಿರುವ ಆಮೆ ನನ್ನದು. ನನಗೆ ಅವನ ಮೇಲೆ ಹೊಟ್ಟೆಕಿಚ್ಚು, ನಿಮ್ಮ ಮೇಲೆ ಇನ್ನೂ ಹೆಚ್ಚು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವನ ಹೆಸರು ಸಾರಿಬಾಸ್. ಇಪ್ಪತ್ತೆರಡು ವರ್ಷಗಳ ಹಿಂದೆ ಒಂದು ವಸಂತದಲ್ಲಿ ನನ್ನ ಮಗಳು ಅವನನ್ನು ರೈಲು ಹಳಿಯ ಪಕ್ಕದಿಂದ ಎತ್ತಿಕೊಂಡು ಬಂದಳು. ಮಗಳು ಮದುವೆಯಾಗಿ ಹೋದಳು, ಅವನು ಉಳಿದ. ಪ್ರತಿ ಚಳಿಗಾಲದಲ್ಲೂ ಅವನನ್ನು ಪೆಟ್ಟಿಗೆಯಲ್ಲಿಟ್ಟು ನೆಲಮಾಳಿಗೆಯಲ್ಲಿ ನಿದ್ದೆಗೆ ಬಿಡುತ್ತಿದ್ದೆವು. ಈ ವರ್ಷ ಬೇಸಿಗೆಯಲ್ಲೇ ಅವನಿಗೆ ಶ್ವಾಸಕೋಶದ ಸೋಂಕಾಗಿ ತೂಕ ಇಳಿಯಿತು. "ಈ ಸಲ ಮಲಗಿಸಬೇಡಿ, ಎಚ್ಚರವಾಗಿಟ್ಟು ತಿನ್ನಿಸಿ" ಎಂದರು ಪಶುವೈದ್ಯರು. ಹಾಗಾಗಿ ನನ್ನ ದೊಡ್ಡ ಪುಸ್ತಕದ ಕಪಾಟನ್ನು ಬೆನ್ನ ಮೇಲೆ ಮಲಗಿಸಿದೆ. ದೂರದೇಶಗಳ ಕಾದಂಬರಿಗಳು ಅನುವಾದಕರ ಸಮೇತ ನೆಲಕ್ಕೆ ಬಂದವು. ಕಪಾಟಿನೊಳಗೆ ನದಿಯ ಮರಳು, ಸ್ತೆಪ್ಪೆ ಹುಲ್ಲುಬಯಲಿನ ಜೇಡಿಮಣ್ಣು, ಕಾಯಿಸಿಕೊಳ್ಳಲು ಒಂದು ಚಪ್ಪಟೆ ಕಲ್ಲು, ಅಡಗಲು ಅರ್ಧ ಒಡೆದ ಮಡಕೆ. ಒಂದು ತುದಿಯಲ್ಲಿ ದೀಪ, ಇನ್ನೊಂದು ತುದಿ ತಂಪು. ಬಿಸಿ ಹೆಚ್ಚಾದಾಗ ಆಮೆ ತಾನಾಗಿ ಆ ಕಡೆ ಸರಿದುಕೊಳ್ಳಬೇಕು. ಇದಿಷ್ಟೂ ಕೆಲಸ ಮಾಡುವುದು ಕೋಣೆ ತಾನೇ ಬೆಚ್ಚಗಿದ್ದರೆ ಮಾತ್ರ. ಕೋಣೆಯನ್ನು ಬೆಚ್ಚಗಿಡುವ ಜವಾಬ್ದಾರಿ ಯಾರದೆಂದು ನಿಮ್ಮ ಬಾಗಿಲ ಮೇಲಿನ ಫಲಕವೇ ಹೇಳುತ್ತದೆ.

ನಮ್ಮದು ಐದನೆಯ ಮಹಡಿಯ ಕೊನೆಯ ಮನೆ. ನಿಮ್ಮ ಬಾಯ್ಲರ್ ಮನೆಯಿಂದ ಹೊರಟ ಬಿಸಿನೀರು ಕೆಳಗಿನ ನಾಲ್ಕು ಮನೆಗಳನ್ನು ಕಾಯಿಸಿ, ನಮ್ಮ ಗೋಡೆಯ ರೇಡಿಯೇಟರಿಗೆ ಬರುವ ಹೊತ್ತಿಗೆ ಬರೀ ನೀರಾಗಿರುತ್ತದೆ. ಮೇಲೇರುವ ಪೈಪಿನ ಎರಡೂವರೆ ಮೀಟರ್ ಭಾಗ ತುಕ್ಕಿನಿಂದ ಕಟ್ಟಿಕೊಂಡಿದೆ. ಅಕ್ಟೋಬರಿನಿಂದ ನಾಲ್ಕು ಅರ್ಜಿ ಕೊಟ್ಟೆ. ನಿಮ್ಮ ತಪಾಸಣೆಯವರು ಬಂದರು. ಹೊರಗೆ ಮೈನಸ್ ಹದಿನಾಲ್ಕು. ಕೈಗವಸು ಕಳಚಿ ರೇಡಿಯೇಟರ್ ಮುಟ್ಟಿ, "ಬೆಚ್ಚಗಿದೆಯಲ್ಲ ಸ್ವಾಮಿ!" ಎಂದರು. ಮಂಜುಗಡ್ಡೆಯಂಥ ಆ ಕೈಗೆ ನಮ್ಮ ಹಿತ್ತಾಳೆಯ ಬಾಗಿಲ ಹಿಡಿಯೂ ಬೆಚ್ಚಗೇ ಇದ್ದೀತು. ನನ್ನ ಥರ್ಮಾಮೀಟರ್ ತೋರಿಸಿದೆ: ಹನ್ನೊಂದು. "ಇದು ಸರ್ಕಾರಿ ಥರ್ಮಾಮೀಟರ್ ಅಲ್ಲ" ಎಂದು ಬರೆದುಕೊಂಡು ಹೋದರು.

ಹನ್ನೊಂದು ಡಿಗ್ರಿ ಎಂದರೆ ಆಮೆಗೆ ಏನೆಂದು ನಿಮಗೆ ಗೊತ್ತೇ? ಐದಾದರೆ ಅದು ನಿಶ್ಚಿಂತೆಯಿಂದ ನಿದ್ದೆಹೋಗುತ್ತದೆ. ಇಪ್ಪತ್ತೆರಡಾದರೆ ಎದ್ದು ತಿನ್ನುತ್ತದೆ. ಹನ್ನೊಂದರಲ್ಲಿ ನಿದ್ದೆಯೂ ಇಲ್ಲ, ಹಸಿವೂ ಇಲ್ಲ. ಮೈಯಲ್ಲಿದ್ದ ಕೊಬ್ಬನ್ನು ಕರಗಿಸುತ್ತ, ಕಣ್ಣು ಅರೆ ತೆರೆದು, ಸಾಯುತ್ತ ಕೂತಿರುತ್ತದೆ. ವಿದ್ಯುತ್ ಒಲೆ ಹಚ್ಚಿದೆವು. ಒಲೆ ಹಚ್ಚಿದೊಡನೆ ದೀಪದ ಫ್ಯೂಸ್ ಹಾರಿತು. ನನ್ನ ಹೆಂಡತಿ ಕುನ್‌ಸುಲು ಒಂಟೆಯುಣ್ಣೆಯ ಹೊದಿಕೆ ಕತ್ತರಿಸಿ ಕಪಾಟಿಗೆ ಸುತ್ತಿದಳು. "ನನ್ನ ಸೊಂಟ ಹಿಡ್ಕೊಂಡಾಗ ಈ ಹೊದಿಕೆ ಮುಟ್ಟೋಕೂ ಬಿಟ್ಟಿರ್ಲಿಲ್ಲ ನೀವು. ಮುಂದಿನ ಜನ್ಮದಲ್ಲಿ ಚಿಪ್ಪು ಹೊತ್ಕೊಂಡೇ ಹುಟ್ತೀನಿ" ಎಂದಳು. ಸಾರಿಬಾಸ್ ತಿನ್ನಲಿಲ್ಲ.

ಐದನೆಯ ಅರ್ಜಿಯೊಂದಿಗೆ ನಾನೇ ಬಂದೆ. ಮನೆಯಲ್ಲಿ ಬಿಟ್ಟುಬರಲು ಮನಸ್ಸಾಗದೆ ಅವನನ್ನು ಕೋಟಿನೊಳಗೆ ಎದೆಗವಚಿ ತಂದಿದ್ದೆ. ಸಾಕ್ಷಿಯೆಂದು ನಿಮ್ಮ ಮೇಜಿನ ಮೇಲಿಟ್ಟೆ. ನಿಮ್ಮ ಕೋಣೆಯ ಬಿಸಿಗೆ ಐದೇ ನಿಮಿಷದಲ್ಲಿ ಅವನು ಕತ್ತು ಹೊರಚಾಚಿದ. ನೀವು ಅರ್ಜಿ ಬದಿಗಿಟ್ಟು ಬಾಗಿ ನೋಡಿದಿರಿ.

"ಆಹಾ, ಎಂಥಾ ಚೆಂದದ ಪ್ರಾಣಿ! ಮುಖ ನೋಡಿ, ಥೇಟ್ ನಮ್ಮಜ್ಜನ ಮುಖ!"

ನಮ್ಮಲ್ಲಿ ಒಬ್ಬರು ಮೆಚ್ಚಿದ ಮೇಲೆ ವಸ್ತುವಿನ ಒಡೆಯ ಸುಮ್ಮನಿರುವಂತಿಲ್ಲ. ಅಪ್ಪ ಕಲಿಸಿದ ಮಾತು ತಾನಾಗಿ ಬಾಯಿಗೆ ಬಂತು. "ಮೆಚ್ಚಿದಿರಲ್ಲ, ನಿಮ್ಮದೇ ಅಂದ್ಕೊಳ್ಳಿ."

ಮುಂದಿನದು ನಿಮಗೂ ಗೊತ್ತಿರಬೇಕಿತ್ತು. ಮೆಚ್ಚಿದವರು ಎದೆಯ ಮೇಲೆ ಕೈಯಿಟ್ಟು, ಬೇಡ ಎಂದು ಮೂರು ಸಲ ಹೇಳಿ, ವಸ್ತುವನ್ನು ಒಡೆಯನ ಕಡೆಗೆ ಸರಿಸಬೇಕು. ನೀವು ಕೈಯಿಟ್ಟಿರಿ. "ಅಯ್ಯೋ, ಬೇಡ ಬೇಡ" ಎಂದಿರಿ. ಒಂದೇ ಸಲ! ನಾನು ಎರಡನೆಯದಕ್ಕೆ ಕಾಯುತ್ತಿದ್ದೆ. "ಆದ್ರೂ ಹಿರಿಯರು ಕೊಟ್ಟಿದ್ದನ್ನ ನಿರಾಕರಿಸಬಾರ್ದಲ್ಲ" ಎಂದು ಅವನನ್ನು ನಿಮ್ಮ ಕಡೆಗೇ ಎಳೆದುಕೊಂಡಿರಿ. ಅರ್ಜಿಗೆ ಮುದ್ರೆ ಬಿತ್ತು: "ಪೈಪು ದಾಸ್ತಾನಿಲ್ಲ."

ಮರುವಾರ ಬಂದು ನೋಡಿದೆ. ನಿಮ್ಮ ಬೆಸುಗೆಯವರ ಕೈಚಳಕವನ್ನು ಹೊಗಳಲೇಬೇಕು. ನನ್ನ ಕಪಾಟಿನ ಮೂರರಷ್ಟು ಉದ್ದದ ಪೆಟ್ಟಿಗೆ, ದಪ್ಪ ಗಾಜು, ಬಿಸಿಲಿನ ಗುಣದ ದುಬಾರಿ ದೀಪ, ನೀರಿನ ತಟ್ಟೆ, ಸೇಬಿನ ಮರದ ಬೊಡ್ಡೆ ಕೊರೆದ ಗೂಡು. ಒಂದು ಕುಂಡದಲ್ಲಿ ಕಾಡುಸೊಪ್ಪು, ಡಿಸೆಂಬರಿನಲ್ಲಿ! ಎಲ್ಲಕ್ಕೂ ಮಿಗಿಲಾಗಿ ಮರಳಿನ ಅಡಿಯಲ್ಲಿ ಹಜಾರದ ಬಿಸಿನೀರಿನ ಸಾಲಿನಿಂದ ಕವಲು ತೆಗೆದ ಹೊಸ ಪೈಪು. ಗಾಜಿಗೆ ಅಂಟಿಸಿದ ಹಾಳೆಯಲ್ಲಿ ದಿನಕ್ಕೆ ಮೂರು ಬಾರಿ ತಾಪ ಬರೆಯುತ್ತಾರೆ: ಕಲ್ಲಿನ ಬಳಿ ಮೂವತ್ತೆರಡು, ನೆರಳಿನಲ್ಲಿ ಇಪ್ಪತ್ತೆರಡು. ಪೈಪನ್ನು ನನ್ನ ಅಳತೆಪಟ್ಟಿಯಿಂದ ಅಳೆದೆ. ಎರಡು ಮೀಟರ್ ಅರವತ್ತು. ದಾಸ್ತಾನಿಲ್ಲದ ಪೈಪು ಒಂದೇ ವಾರದಲ್ಲಿ ಎಲ್ಲಿಂದ ಬಂತು, ಮಾನ್ಯರೇ? ಅರ್ಜಿ ಕೊಡದವನಿಗೇ ಅದು ಸಿಗುವುದಾದರೆ, ಅರ್ಜಿ ನಮೂನೆ ಅಚ್ಚು ಹಾಕಿಸುವುದೇಕೆ?

ನಿಮ್ಮ ಕಾರ್ಯದರ್ಶಿ ಸಂದುಗಾಶ್ ಸೊಪ್ಪು ಹಿಡಿದು ಬಂದಳು. "ನಿರ್ದೇಶಕರೇ, ಊಟ!" ಎಂದಳು. ನನ್ನ ಸಾರಿಬಾಸ್ ಮರಳು ಎರಚುತ್ತ ಓಡಿದ. ಹೌದು, ಓಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ನನ್ನ ಕಡೆಗೆ ಓಡಿದ್ದು ನೆನಪಿಲ್ಲ.

"ಅವನ ಹೆಸರು ಸಾರಿಬಾಸ್," ಎಂದೆ.

"ಇಲ್ಲೆಲ್ಲ ನಿರ್ದೇಶಕರು ಅಂತಾನೇ ಕರಿಯೋದು ತಾತ. ನೋಡಿ, ನೂರು ಗ್ರಾಂ ಹೆಚ್ಚಾಗಿದಾನೆ! ಪಾಪ, ಮೊದ್ಲು ಯಾರ ಮನೇಲಿದ್ನೋ, ಉಪವಾಸ ಕೆಡವಿದ್ರು ಅನ್ಸತ್ತೆ."

ನಾನು ಯಾರೆಂದು ಹೇಳಲಿಲ್ಲ. ಗಾಜಿಗೆ ಮುಖವಿಟ್ಟು ಕರೆದೆ. ಅವನು ತಿರುಗಲಿಲ್ಲ. "ತಾತ, ಗಾಜಿಗೆ ಉಸಿರು ಬಿಡ್ಬೇಡಿ, ಈಗಷ್ಟೇ ಒರೆಸಿದೀನಿ" ಎಂದಳು.

ಮನೆಗೆ ಬಂದು ಹೇಳಿದಾಗ ಕುನ್‌ಸುಲು ಚಹಾ ಬಗ್ಗಿಸುವುದನ್ನು ನಿಲ್ಲಿಸಿದಳು. "ಹೋಗಿ ವಾಪಸ್ ಕೇಳಿ."

"ಕೊಟ್ಟದ್ದನ್ನ ಯಾವ ಬಾಯಲ್ಲಿ ಕೇಳೋದು?"

"ಬಾಯಲ್ಲಿ ಬೇಡ, ಪೇಪರಿಗೆ ಬರೀರಿ. ಬಾಯಿ ಮಾತ್ರ ಮುಚ್ಕೊಂಡಿರಿ."

ಆದ್ದರಿಂದ ಈ ಪತ್ರ. ಆದರೆ ಬರೆಯಲು ಕೂತ ಮೇಲೆ ಒಂದು ತೊಡಕು ಕಂಡಿತು. ನೀವು ಇಂದೇ ಅವನನ್ನು ಮರಳಿಸಿದರೆ ನಾನು ಎಲ್ಲಿಡಲಿ? ನನ್ನ ಪ್ರೀತಿಯ ತಾಪಮಾನವೂ ಹನ್ನೊಂದೇ. ನಿಮ್ಮ ಮೇಲಿನ ಕಿಚ್ಚಿನಿಂದ ಅವನನ್ನು ಕೊಂಡೊಯ್ದು ಕೊಲ್ಲುವಷ್ಟು ನಾನು ಕೆಟ್ಟವನಲ್ಲ. ಅಷ್ಟು ಕೆಟ್ಟವನಾಗಬೇಕೆಂದು ಎರಡು ದಿನ ಪ್ರಯತ್ನಪಟ್ಟೆ.

ಆದುದರಿಂದ ನಾನು ಆಮೆಯನ್ನು ಕೇಳುತ್ತಿಲ್ಲ, ಪೈಪನ್ನು ಕೇಳುತ್ತಿದ್ದೇನೆ. ಅವನ ಅಡಿಯಲ್ಲಿರುವುದನ್ನಲ್ಲ, ಅದನ್ನು ಕೀಳಬೇಡಿ, ಅಂಥದೇ ಇನ್ನೊಂದನ್ನು. ತಿಂಗಳ ಕೊನೆಯೊಳಗೆ ನಮ್ಮ ಕಟ್ಟಡಕ್ಕೆ ಹಾಕಿಸಿ. ನಿಮ್ಮದೇ ಸರ್ಕಾರಿ ಥರ್ಮಾಮೀಟರ್ ನಮ್ಮ ಗೋಡೆಗೆ ತೂಗುಹಾಕಿ. ಅದು ಏಳು ದಿನ ಸತತವಾಗಿ ಇಪ್ಪತ್ತೆರಡು ತೋರಿಸಿದರೆ, ಎಂಟನೆಯ ದಿನ ಬಂದು, ನಾಚಿಕೆ ಬಿಟ್ಟು, ಅವನನ್ನು ಬಾಯಿಬಿಟ್ಟೇ ಕೇಳುತ್ತೇನೆ. ಆಗ ಇಲ್ಲವೆನ್ನುವ ಹಕ್ಕು ನಿಮಗಿದೆ. ಕೇಳುವ ಹಕ್ಕಾದರೂ ನನಗೆ ಸಿಗಲಿ.

ಅಲ್ಲಿಯವರೆಗೆ ಒಂದು ವಿಷಯ. ಕಚೇರಿ ಮುಚ್ಚುವಾಗ ದಯವಿಟ್ಟು ದೀಪ ಆರಿಸಲು ಹೇಳಿ. ಆಮೆಗೆ ಹನ್ನೆರಡು ಗಂಟೆ ಕತ್ತಲು ಬೇಕು, ಸಂದುಗಾಶಳಿಗೆ ಅದು ಗೊತ್ತಿಲ್ಲ. ಎಡಗಡೆಯ ಕೆನ್ನೆಯ ಕೆಳಗೆ, ಕತ್ತು ಚಿಪ್ಪಿಗೆ ಸೇರುವಲ್ಲಿ, ಮೆಲ್ಲಗೆ ಉಜ್ಜಿದರೆ ಅವನು ಕಣ್ಣು ಮುಚ್ಚುತ್ತಾನೆ. ಇದನ್ನು ನಾನು ಯಾರಿಗೂ ಹೇಳಬಾರದೆಂದುಕೊಂಡಿದ್ದೆ.

ಇಂತಿ,
ಸ್ವಂತ ಆಮೆಯನ್ನು ನೋಡಲು ಬಾಗಿಲಲ್ಲಿ ಸಂದರ್ಶಕರ ಚೀಟಿ ಬರೆಸಿಕೊಳ್ಳುವ,
ಎಸೆನ್‌ಗೆಲ್ದಿ
ಐದನೆಯ ಮಹಡಿ, ಕೊನೆಯ ಮನೆ